ಜಿನೀವಾ ಪಟ್ಟಣದ ಪರದೇಶಿ
ಯೋಹಾನ ಕಾಲ್ವಿನನ ಚರಿತ್ರೆ

ಹುಟ್ಟಿದ ಊರಿನಲ್ಲಿ ಮನುಷ್ಯನಿಗೆ ಹಕ್ಕು ಕೇಳದೆ ಬರುತ್ತದೆ. ತಂದೆಯ ಹೆಸರನ್ನು ಹೇಳಿದರೆ ಸಾಕು, ಊರವರು ಅವನನ್ನು ತಮ್ಮವನೆಂದು ಎಣಿಸುವರು. ಪರಸ್ಥಳದಲ್ಲಿ ನೆಲೆಸಿದವನೋ ಅಲ್ಲಿಯ ಬಾವಿಯ ನೀರನ್ನು ಇಪ್ಪತ್ತು ವರ್ಷ ಕುಡಿದರೂ ಹೊರಗಿನವನೆಂಬ ಮಾತು ಅವನನ್ನು ಬಿಡುವದಿಲ್ಲ. ಸ್ವಂತ ಊರನ್ನು ಬಿಟ್ಟು ಬೇರೆಡೆಯಲ್ಲಿ ಮನೆ ಕಟ್ಟಿದವರು ನಮ್ಮ ಸಭೆಗಳಲ್ಲಿ ಅನೇಕರಿರುವದರಿಂದ ಇದನ್ನು ಹೆಚ್ಚಾಗಿ ವಿವರಿಸುವ ಅಗತ್ಯವಿಲ್ಲ. ಮತಸುಧಾರಣೆಯ ದೊಡ್ಡ ಬೋಧಕರಲ್ಲಿ ಒಬ್ಬನಾದ ಯೋಹಾನ ಕಾಲ್ವಿನನ ಹೆಸರನ್ನು ನೀವು ಕೇಳಿದ್ದೀರಿ. ಜಿನೀವಾ ಪಟ್ಟಣವೆಂದರೆ ಕಾಲ್ವಿನನ ಪಟ್ಟಣವೆಂದು ಲೋಕವೆಲ್ಲಾ ಹೇಳುತ್ತದೆ. ಆದರೆ ಆ ಪಟ್ಟಣದಲ್ಲಿ ಅವನು ಬಹುಕಾಲದ ವರೆಗೆ ಪೌರನಾಗಿರಲಿಲ್ಲವೆಂಬದು ಕೆಲವರಿಗೆ ಮಾತ್ರ ಗೊತ್ತು.

ಕಾಲ್ವಿನನು 1509ನೆಯ ಇಸವಿ ಜುಲೈ 10ರಂದು ಫ್ರಾನ್ಸ್ ದೇಶದ ಉತ್ತರ ಭಾಗದ ನ್ವಾಯೋನ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆಯು ಅವನನ್ನು ಪಾದ್ರಿಯ ಕೆಲಸಕ್ಕೆಂದು ಪಾರಿಸಿಗೆ ಕಳುಹಿಸಿ, ತರುವಾಯ ಮನಸ್ಸು ಬದಲಾಯಿಸಿ, ಓರ್ಲಿಯಾನ್ಸ್ ಮತ್ತು ಬೂರ್ಜ್ ಪಟ್ಟಣಗಳಲ್ಲಿ ನ್ಯಾಯಶಾಸ್ತ್ರವನ್ನು ಕಲಿಸಿದನು. ಹೀಗಿರಲಾಗಿ ಮತಸುಧಾರಣೆಯ ಬೋಧನೆಯು ಅವನ ಹೃದಯವನ್ನು ಹಿಡಿಯಿತು. ಫ್ರಾನ್ಸಿನ ಅರಸನು ಆ ಬೋಧನೆಯವರನ್ನು ಹಿಂಸಿಸತೊಡಗಿದಾಗ ಅವನು ದೇಶವನ್ನು ಬಿಟ್ಟು ಬಾಸೆಲ್ ಪಟ್ಟಣವನ್ನು ಸೇರಿದನು. ಕ್ರೈಸ್ತ ಬೋಧನೆಯನ್ನು ಕ್ರಮವಾಗಿ ವಿವರಿಸುವ ಅವನ ಪ್ರಸಿದ್ಧ ಗ್ರಂಥವು 1536ರಲ್ಲಿ ಅಲ್ಲಿಯೇ ಮೊದಲು ಅಚ್ಚಾಯಿತು. 1834ರಲ್ಲಿ ಮಂಗಳೂರಿಗೆ ಮಿಶನರಿಗಳನ್ನು ಕಳುಹಿಸಿದ ಬಾಸೆಲ್ ಇದೇ.

ಅದೇ ವರ್ಷದ ಬೇಸಿಗೆಯಲ್ಲಿ ಅವನು ಸ್ಟ್ರಾಸ್‌ಬುರ್ಗಿಗೆ ಹೋಗಿ, ಅಲ್ಲಿ ಓದುತ್ತಾ ಬರೆಯುತ್ತಾ ಶಾಂತವಾಗಿ ಇರಬೇಕೆಂದು ಹೊರಟನು. ಯುದ್ಧದ ನಿಮಿತ್ತ ನೆಟ್ಟನೆಯ ದಾರಿಯು ಮುಚ್ಚಿದ್ದರಿಂದ ಸುತ್ತುದಾರಿಯಲ್ಲಿ ನಡೆದು ಒಂದು ರಾತ್ರಿ ತಂಗುವದಕ್ಕಾಗಿ ಜಿನೀವಾಕ್ಕೆ ಬಂದನು. ಆ ಪಟ್ಟಣವು ಕೆಲವು ವಾರಗಳ ಹಿಂದೆಯಷ್ಟೇ ಮತಸುಧಾರಣೆಯನ್ನು ಅಂಗೀಕರಿಸಿತ್ತು. ಅಲ್ಲಿಯ ಬೋಧಕನಾದ ಫರೆಲನು ಅವನನ್ನು ಕಂಡು, ಈ ಅಗತ್ಯದ ಸಮಯದಲ್ಲಿ ಸಹಾಯಮಾಡದೆ ಹೋದರೆ ದೇವರು ಅವನ ವಿಶ್ರಾಂತಿಯನ್ನು ಶಪಿಸುವನೆಂದು ಗದರಿಸಿದನು. ಕಾಲ್ವಿನನು ಭಯಪಟ್ಟು ನಿಂತನು. ಸೆಪ್ಟಂಬರ್ 5ರಂದು ನಗರಸಭೆಯ ಬರಹಗಾರನು ಈ ಹೊಸ ಉಪದೇಶಕನ ವಿಷಯವನ್ನು ದಾಖಲೆಯಲ್ಲಿ ಬರೆಯುವಾಗ ಹೆಸರನ್ನೇ ಬರೆಯದೆ, ಆ ಫ್ರಾನ್ಸಿನವನು ಎಂದಷ್ಟೇ ಬರೆದು ಬಿಟ್ಟನು.

ಎರಡು ವರ್ಷ ತುಂಬುವದರೊಳಗೆ ಸಭಾಶಿಕ್ಷೆಯ ವಿಷಯವಾಗಿ ನಗರಸಭೆಯೊಡನೆ ವಿವಾದ ಹುಟ್ಟಿ, 1538ನೆಯ ಏಪ್ರಿಲಿನಲ್ಲಿ ಕಾಲ್ವಿನನನ್ನೂ ಫರೆಲನನ್ನೂ ಊರಿನಿಂದ ಹೊರಡಿಸಿದರು. ಆಗ ಕಾಲ್ವಿನನು ಸ್ಟ್ರಾಸ್‌ಬುರ್ಗಿಗೆ ಹೋಗಿ, ತನ್ನ ಹಾಗೆ ಓಡಿಬಂದ ಫ್ರೆಂಚರ ಸಭೆಯನ್ನು ಪಾಲಿಸಿದನು. 1539ರಲ್ಲಿ ಆ ಪಟ್ಟಣವು ಅವನಿಗೆ ಪೌರತ್ವವನ್ನು ಕೊಟ್ಟಿತು. ಅಲ್ಲಿ ಪೌರನಾಗುವವನು ಯಾವದಾದರೂ ಕಸಬಿನವರ ಸಂಘಕ್ಕೆ ಸೇರತಕ್ಕದ್ದಾದ್ದರಿಂದ, ಸೂಜಿ ಹಿಡಿಯದ ಈ ಪಂಡಿತನ ಹೆಸರು ದರ್ಜಿಗಳ ಸಂಘದಲ್ಲಿ ಬರೆಯಲ್ಪಟ್ಟಿತು. 1540ರಲ್ಲಿ ಅವನು ಇದೆಲೆತ್ ಎಂಬ ವಿಧವೆಯನ್ನು ಮದುವೆಯಾದನು. ಅವನು ಅಲ್ಲಿಯೇ ಸುಖವಾಗಿ ಇರಬಹುದಾಗಿತ್ತು; ಆದರೆ ಹೊರಡಿಸಿದ ಜಿನೀವಾದವರೇ ತಿರಿಗಿ ಕರೆದರು. ಹೋಗುವದಕ್ಕೆ ಮನಸ್ಸಿಲ್ಲದಿದ್ದರೂ 1541ನೆಯ ಸೆಪ್ಟಂಬರ್ 13ರಂದು ಅವನು ಮರಳಿ ಬಂದು, ಮರಣದ ವರೆಗೂ ಅಲ್ಲಿಯೇ ಉಳಿದನು.

ಆ ಕಾಲದ ಜಿನೀವಾದಲ್ಲಿ ಜನರು ಮೂರು ತರಗತಿಯವರಾಗಿದ್ದರು. ಪೌರರ ಮಕ್ಕಳಾಗಿ ಆ ಪಟ್ಟಣದಲ್ಲಿಯೇ ಹುಟ್ಟಿದವರು ಹುಟ್ಟುಪೌರರು. ಪಟ್ಟಣವನ್ನು ಆಳುವ ಚಿಕ್ಕ ಸಭೆಯಲ್ಲಿ ಇವರಿಗೆ ಮಾತ್ರ ಸ್ಥಾನ. ಹೊರಗಿನಿಂದ ಬಂದು, ಹಣ ಕೊಟ್ಟಾಗಲಿ ಸೇವೆಯ ನಿಮಿತ್ತ ಉಚಿತವಾಗಿಯಾಗಲಿ ಹಕ್ಕು ಪಡೆದವರು ಸ್ವೀಕೃತ ಪೌರರು. ಇವರು ಮಹಾಸಭೆಯಲ್ಲಿ ವೋಟು ಹಾಕಬಹುದು, ಇನ್ನೂರು ಮಂದಿಯ ಸಭೆಗೂ ಸೇರಬಹುದು. ಮಿಕ್ಕವರು ಬರೀ ನಿವಾಸಿಗಳು. ಊರಿನ ಕಟ್ಟಳೆಗಳಿಗೆ ಒಳಪಟ್ಟಿರುವೆವೆಂದು ಪ್ರಮಾಣಮಾಡಿ ವಾಸಿಸುವದಕ್ಕೆ ಅವರಿಗೆ ಅಪ್ಪಣೆಯಿತ್ತು. ವೋಟು ಇರಲಿಲ್ಲ, ಅಧಿಕಾರ ಇರಲಿಲ್ಲ. 1549ರಿಂದ ಅವರ ಹೆಸರುಗಳನ್ನು ಬರೆಯುವದಕ್ಕೆ ಒಂದು ಪುಸ್ತಕವನ್ನೇ ಇಟ್ಟರು.

ಕಾಲ್ವಿನನು ಈ ಮೂರನೆಯ ತರಗತಿಯಲ್ಲಿ ಇದ್ದನು. ಸಭೆಯ ಕ್ರಮಗಳನ್ನು ಬರೆದವನು ಅವನು. ನ್ಯಾಯಶಾಸ್ತ್ರ ಬಲ್ಲವನೆಂದು 1543ರಲ್ಲಿ ಪಟ್ಟಣದ ಆಡಳಿತದ ಕಟ್ಟಳೆಗಳನ್ನು ಸರಿಪಡಿಸುವದಕ್ಕೂ ಅವನ ಸಹಾಯವನ್ನು ತೆಗೆದುಕೊಂಡರು. ಆದರೂ ಆ ಕಟ್ಟಳೆಗಳ ಪ್ರಕಾರ ಅಧಿಕಾರಿಗಳನ್ನು ಆರಿಸುವ ದಿನದಲ್ಲಿ ಕೈಯೆತ್ತುವ ಹಕ್ಕು ಅವನಿಗಿರಲಿಲ್ಲ. ಅವನ ತಮ್ಮನಾದ ಅಂತ್ವಾನನು 1546ರಲ್ಲಿಯೇ ಪೌರನಾದನು. ಅಣ್ಣನು ಮಾತ್ರ ಕೇಳಲಿಲ್ಲ. ಬೋಧಕನು ಅಧಿಕಾರವನ್ನು ಬಯಸುತ್ತಾನೆಂಬ ಸಂಶಯಕ್ಕೆ ಎಡೆಕೊಡಬಾರದೆಂಬದೇ ಅವನ ಕಾರಣವು.

ಅಂಥ ಸಂಶಯವು ಆ ಊರಿನಲ್ಲಿ ಬೆಳೆಯುತ್ತಾ ಇತ್ತು. ಫ್ರಾನ್ಸಿನಿಂದಲೂ ಇಟಲಿಯಿಂದಲೂ ನಂಬಿಕೆಯ ನಿಮಿತ್ತ ಓಡಿಬಂದವರು ಸಾವಿರಗಟ್ಟಳೆಯಾಗಿ ಸೇರಿ, ಸುಮಾರು 10,000 ಜನರ ಪಟ್ಟಣವು ತುಂಬಿ ತುಳುಕಿತು. ಮನೆಬಾಡಿಗೆ ಏರಿತು, ಬೋಧಕರಲ್ಲಿ ಬಹುಪಾಲು ಫ್ರೆಂಚರಾದರು. ಹಿಂದೆ ಕಾಲ್ವಿನನನ್ನು ಕರಿಸುವದಕ್ಕೆ ಪ್ರಯಾಸಪಟ್ಟ ಆಮಿ ಪೆರೆನನು ಈಗ ಹಳಬರ ಪಕ್ಷದ ಮುಖಂಡನಾಗಿ ಎದುರಿಗೆ ನಿಂತನು. ಹೊಸದಾಗಿ ಪೌರರಾದವರು 25 ವರ್ಷ ವೋಟು ಹಾಕಬಾರದೆಂಬ ಸೂಚನೆಯು 1551ರಲ್ಲಿ ಬಂತು. 1553ರಲ್ಲಿ ಪರದೇಶಿಗಳ ಆಯುಧಗಳನ್ನು ಕಸಕೊಂಡರು. ಹಳಬರ ಭಯವು ಸುಳ್ಳಾದದ್ದೆಂದು ಹೇಳಲಾಗದು, ಯಾಕಂದರೆ 1555ರಲ್ಲಿ ಅನೇಕ ಫ್ರೆಂಚರಿಗೆ ಒಮ್ಮೆಗೇ ಪೌರತ್ವ ಕೊಟ್ಟಾಗ ವೋಟಿನ ತಕ್ಕಡಿಯು ಕಾಲ್ವಿನನ ಸ್ನೇಹಿತರ ಕಡೆಗೆ ವಾಲಿತು. ಮೇ 16ರ ರಾತ್ರಿ ಬೀದಿಯಲ್ಲಿ ಗಲಭೆ ಎದ್ದಿತು. ಪೆರೆನನು ತಪ್ಪಿಸಿಕೊಂಡು ಓಡಿಹೋದನು. ಅವನ ಪಕ್ಷದ ಕೆಲವರು ತಲೆಗಳನ್ನು ಕಳಕೊಂಡರು.

ಚರಿತ್ರೆಯನ್ನು ಬರೆಯುವವನು ಒಳ್ಳೆಯದನ್ನು ಮಾತ್ರ ಹೇಳಿ ಕೆಟ್ಟದ್ದನ್ನು ಮುಚ್ಚಬಾರದು. 1553ರಲ್ಲಿ ಸ್ಪೇನ್ ದೇಶದ ಸೆರ್ವೆತನೆಂಬ ವೈದ್ಯನು, ತ್ರಯೈಕತ್ವವನ್ನು ಅಲ್ಲಗಳೆದವನು, ಓಡಿಹೋಗುವ ದಾರಿಯಲ್ಲಿ ಜಿನೀವಾಕ್ಕೆ ಬಂದನು. ಹಿಂಸೆಯಿಂದ ತಪ್ಪಿಸಿಕೊಂಡು ಅದೇ ಪಟ್ಟಣಕ್ಕೆ ದಾರಿಹೋಕನಾಗಿ ಬಂದಿದ್ದ ಕಾಲ್ವಿನನೇ ಅವನನ್ನು ಹಿಡಿಸಿಕೊಟ್ಟನು. ನಗರಸಭೆಯು ಅಕ್ಟೋಬರ್ 27ರಂದು ಸೆರ್ವೆತನನ್ನು ಸುಡಿಸಿತು. ಸುಡಬಾರದು, ಬೇರೆ ವಿಧದಲ್ಲಿ ಕೊಲ್ಲಬೇಕೆಂದು ಕಾಲ್ವಿನನು ಕೇಳಿಕೊಂಡದ್ದುಂಟು. ಆದರೆ ಮರಣವು ಬೇಡವೆಂದು ಕೇಳಿಕೊಳ್ಳಲಿಲ್ಲ. 1903ರಲ್ಲಿ ಕಾಲ್ವಿನನ ಮತದವರೇ ಆ ಸ್ಥಳದಲ್ಲಿ ಕಲ್ಲು ನೆಟ್ಟು, ಇದು ತಪ್ಪೆಂದು ಒಪ್ಪಿಕೊಂಡರು.

1559ನೆಯ ಇಸವಿಯು ಅವನಿಗೆ ಬೇನೆಯ ವರ್ಷವಾಗಿತ್ತು. ನಾಲ್ಕನೆಯ ದಿನಕ್ಕೊಮ್ಮೆ ಬರುವ ಜ್ವರವು ಹಿಂದಿನ ವರ್ಷದಿಂದ ಅವನನ್ನು ಹಿಂಡಿತ್ತು. ಆದರೂ ಆ ವರ್ಷವೇ ಅವನ ದೊಡ್ಡ ಗ್ರಂಥವು ಪೂರ್ಣರೂಪದಲ್ಲಿ ಹೊರಬಿತ್ತು. ಜೂನ್ 5ರಂದು ವಿದ್ಯಾಶಾಲೆಯು ತೆರೆಯಲ್ಪಟ್ಟಿತು. ಡಿಸೆಂಬರ್ 25ರಂದು ನಗರಸಭೆಯವರು, ಅವನು ಕೇಳದೆಯೇ, ಹಣವನ್ನೂ ತೆಗೆದುಕೊಳ್ಳದೆ, ಪೌರತ್ವವನ್ನು ಮುಂದಿಟ್ಟರು. ಅವನು ಉಪಕಾರ ಹೇಳಿ ಸ್ವೀಕರಿಸಿದನು. ಹೆಸರಿಲ್ಲದ ಫ್ರಾನ್ಸಿನವನೆಂದು ಅವನ ವಿಷಯ ಬರೆದು ಆಗ 23 ವರ್ಷಗಳಾಗಿದ್ದವು. ಅಷ್ಟಾದರೂ ಅವನು ಸ್ವೀಕೃತ ಪೌರನೇ ಹೊರತು ಹುಟ್ಟುಪೌರನಲ್ಲ. ಸ್ವೀಕೃತ ಪೌರನ ಮಕ್ಕಳು ಆ ಪಟ್ಟಣದಲ್ಲಿ ಹುಟ್ಟಿದರೆ ಹುಟ್ಟುಪೌರರಾಗುವರು. ಕಾಲ್ವಿನನ ಒಬ್ಬನೇ ಮಗನಾದರೋ 1542ರಲ್ಲಿ ಹುಟ್ಟಿ ಬೇಗನೆ ತೀರಿಹೋಗಿದ್ದನು. ಹೆಂಡತಿಯು 1549ರಲ್ಲಿ ಸತ್ತಿದ್ದಳು.

1564ನೆಯ ಮೇ 27ರಂದು ಕಾಲ್ವಿನನು ತನ್ನ 54ನೆಯ ವಯಸ್ಸಿನಲ್ಲಿ ನಿದ್ರೆಹೋದನು. ಅವನ ಅಪೇಕ್ಷೆಯ ಪ್ರಕಾರ ಸಾಮಾನ್ಯ ಜನರ ಶ್ಮಶಾನದಲ್ಲಿ, ಹೆಸರು ಕೆತ್ತಿದ ಕಲ್ಲಿಲ್ಲದೆ, ಅವನನ್ನು ಹೂಣಿಟ್ಟರು. ಹೀಗೆ ಅವನು ಹೆಸರಿಲ್ಲದೆ ಆ ಊರಿನ ದಾಖಲೆಗೆ ಬಂದ ಹಾಗೆಯೇ ಹೆಸರಿಲ್ಲದೆ ಅದರ ಮಣ್ಣಿಗೆ ಸೇರಿದನು.

ಸಹೋದರರೇ, ಸಹೋದರಿಯರೇ, ಇದರಿಂದ ನಾವು ಕಲಿಯತಕ್ಕದ್ದೇನು? ಪರಸ್ಥಳದಲ್ಲಿರುವವರು ಹಕ್ಕು ಸಿಕ್ಕಿದ ಮೇಲೆ ಊರಿಗೆ ಉಪಕಾರ ಮಾಡುವೆವೆಂದು ಕಾದು ಕೂತುಕೊಳ್ಳಬಾರದು. ಕಾಲ್ವಿನನು ಪೌರನಾದ ಮೇಲೆ ನಾಲ್ಕು ವರ್ಷಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ ಬದುಕಿದನು. ಅವನ ಸೇವೆಯಲ್ಲಿ ಹೆಚ್ಚಿನದೆಲ್ಲಾ ಅದಕ್ಕೆ ಮುಂಚೆಯೇ ಆಗಿತ್ತು. ಹುಟ್ಟೂರಿನಲ್ಲಿಯೇ ಇರುವವರು ಜಿನೀವಾದ ಹಳಬರನ್ನು ನೆನಪುಮಾಡಿಕೊಳ್ಳಲಿ: ಬಾಗಲನ್ನು ತೆರೆಯುವದಕ್ಕೆ ತಡಮಾಡಿದಷ್ಟೂ ಒಳಗೂ ಹೊರಗೂ ದ್ವೇಷವೇ ಬೆಳೆಯುವದು. ಒಂದು ಕಾಲದಲ್ಲಿ ಪರದೇಶಿಯಾಗಿದ್ದು ಈಗ ನೆಲೆಗೊಂಡವನು ಸೆರ್ವೆತನನ್ನು ಮರೆಯದಿರಲಿ. ನಮ್ಮ ಬಾಗಲಿಗೆ ಮುಂದೆ ಬರುವ ದಾರಿಹೋಕನು ನಮ್ಮ ಮನಸ್ಸಿಗೆ ಒಪ್ಪದ ಮಾತುಗಳನ್ನಾಡುವವನೇ ಆಗಿರಬಹುದು.