ನೆಪ್ಚೂನ್ ಎಂಬ ನಾಯಿ, ಕಡಲಿನ ವಿಷ ಮತ್ತು ಶಾರ್ಲ್ ರಿಶೆ: ಒಮ್ಮೆ ಕುಟುಕಿಸಿಕೊಂಡರೆ ವಿಷ ಮೈಗೆ ಒಗ್ಗುತ್ತದೆಯೇ?

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಮೊದಲ ಸಲ ಕಾಲಿಟ್ಟವರಿಗೆ ಕೆಮ್ಮು, ಸೀನು ತಪ್ಪಿದ್ದಲ್ಲ. ಅಲ್ಲೇ ದಿನವಿಡೀ ಚೀಲ ಹೊರುವ ಹಮಾಲರು ಮಾತ್ರ ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಘಾಟು ಮೈಗೆ ಒಗ್ಗಿಹೋಗಿದೆ ಎನ್ನುತ್ತೇವೆ. ಇದೇ ಲೆಕ್ಕವನ್ನು ನಾವು ವಿಷಕ್ಕೂ ಹಚ್ಚುತ್ತೇವೆ. ಒಮ್ಮೆ ಜೇನು ಕಡಿಸಿಕೊಂಡವರಿಗೆ ಮತ್ತೆ ಕಡಿದರೆ ಏನೂ ಆಗದು, ಗೋಕರ್ಣದ ಕಡಲಲ್ಲಿ ಒಮ್ಮೆ ಲೋಳೆಮೀನು ತಾಗಿದವರಿಗೆ ಇನ್ನು ಹೆದರಿಕೆ ಇಲ್ಲ ಎಂಬ ಮಾತು ಕೇಳಿರುತ್ತೀರಿ. ಈ ಲೆಕ್ಕ ಎಲ್ಲರಿಗೂ ಸರಿಹೊಂದುವುದಿಲ್ಲ. ಅದನ್ನು ಜಗತ್ತಿಗೆ ತೋರಿಸಿದವರು ಫ್ರಾನ್ಸಿನ ವಿಜ್ಞಾನಿ ಶಾರ್ಲ್ ರಿಶೆ.

ಯಾರು ಈ ರಿಶೆ?

ರಿಶೆ ಹುಟ್ಟಿದ್ದು 1850ರ ಆಗಸ್ಟ್‌ನಲ್ಲಿ, ಪ್ಯಾರಿಸ್‌ನಲ್ಲಿ. ತಂದೆ ಆಲ್ಫ್ರೆಡ್ ರಿಶೆ ಹೆಸರಾಂತ ಶಸ್ತ್ರವೈದ್ಯ. ಮಗನೂ ವೈದ್ಯಕೀಯ ಓದಿದರು, ಆದರೆ ಒಲವು ಹರಿದದ್ದು ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ಕಡೆಗೆ. 1887ರಲ್ಲಿ ಪ್ಯಾರಿಸ್ ವೈದ್ಯಕೀಯ ವಿಭಾಗದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾದರು. ಜಠರದ ಆಮ್ಲ, ನಾಯಿ ಏದುಸಿರು ಬಿಟ್ಟು ಮೈ ತಂಪಾಗಿಸಿಕೊಳ್ಳುವ ಬಗೆ, ರೋಗನಿರೋಧಕ ಸೀರಮ್ ಹೀಗೆ ಹಲವು ವಿಷಯಗಳಲ್ಲಿ ಕೈಯಾಡಿಸಿದರು. ನಾಟಕ, ಕಾದಂಬರಿ ಬರೆದರು. 1907ರಲ್ಲಿ ಬ್ರೆಗೆ ಸಹೋದರರು ಹೆಲಿಕಾಪ್ಟರ್‌ನಂಥ ಯಂತ್ರ ಕಟ್ಟಿದಾಗ ಅವರಿಗೂ ಜೊತೆಯಾದರು.

ರಾಜನ ಹಡಗಿನಲ್ಲಿ ಹುಟ್ಟಿದ ಪ್ರಶ್ನೆ

1901ರಲ್ಲಿ ಮೊನಾಕೊದ ದೊರೆ ಒಂದನೇ ಆಲ್ಬರ್ಟ್ ತಮ್ಮ ಸಂಶೋಧನಾ ಹಡಗಿನಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಹೊರಟರು. ರಿಶೆ ಮತ್ತು ಅವರಿಗಿಂತ ಕಿರಿಯ ಪಾಲ್ ಪೋರ್ಟಿಯೆ ಕೂಡ ಹಡಗಿನಲ್ಲಿದ್ದರು. ಫೈಸೇಲಿಯಾ ಎಂಬ ಕಡಲಜೀವಿಯ ವಿಷವನ್ನು ಅಧ್ಯಯನ ಮಾಡಿ ಎಂಬ ಸಲಹೆ ಅವರಿಗೆ ಸಿಕ್ಕಿತು. ನೀಲಿ ಗಾಳಿಚೀಲದಂತೆ ತೇಲುವ ಈ ಜೀವಿ ಮಳೆಗಾಲದಲ್ಲಿ ಮುಂಬೈ, ಗೋವಾ ತೀರಗಳಿಗೂ ಬಂದು ಬೀಳುತ್ತದೆ. ನೋಡಲು ಲೋಳೆಮೀನಿನಂತಿದ್ದರೂ ಇದು ಒಂದಕ್ಕೊಂದು ಅಂಟಿಕೊಂಡು ಬದುಕುವ ಪುಟ್ಟ ಜೀವಿಗಳ ಗುಂಪು. ಕೆಳಗೆ ನೇತಾಡುವ ಉದ್ದನೆಯ ಎಳೆಗಳಲ್ಲಿ ಸೂಕ್ಷ್ಮ ವಿಷಕೋಶಗಳಿವೆ. ಮುಟ್ಟಿದ ಕೂಡಲೇ ಅವು ಸ್ಪ್ರಿಂಗಿನಂತೆ ಸಿಡಿದು ಚರ್ಮಕ್ಕೆ ವಿಷ ಚುಚ್ಚುತ್ತವೆ.

ಪ್ಯಾರಿಸ್‌ಗೆ ಮರಳಿದ ಮೇಲೆ ಫೈಸೇಲಿಯಾ ಸಿಗುವುದು ಕಷ್ಟವಾಯಿತು. ಬದಲಿಗೆ ಫ್ರಾನ್ಸಿನ ತೀರದಲ್ಲಿ ಧಾರಾಳವಾಗಿ ಸಿಗುವ ಕಡಲ ಅನಿಮೋನ್‌ನ ವಿಷ ತೆಗೆದು, ಎಷ್ಟು ಪ್ರಮಾಣ ಪ್ರಾಣ ತೆಗೆಯುತ್ತದೆ ಎಂದು ನಾಯಿಗಳ ಮೇಲೆ ಪರೀಕ್ಷಿಸತೊಡಗಿದರು. ಬದುಕುಳಿದ ನಾಯಿಗಳಿಗೆ ಕೆಲವು ವಾರಗಳ ನಂತರ ಮತ್ತೆ ಚುಚ್ಚುಮದ್ದು ಕೊಟ್ಟರು.

ಅವುಗಳಲ್ಲಿ ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿಯೂ ಇತ್ತು. ಮೊದಲ ಸಲ ಸಣ್ಣ ಪ್ರಮಾಣದ ವಿಷದಿಂದ ಅದಕ್ಕೆ ಏನೂ ಆಗಲಿಲ್ಲ. 22 ದಿನಗಳ ನಂತರ ಅಷ್ಟೇ ಪ್ರಮಾಣ ಕೊಟ್ಟರು. ಕೆಲವೇ ಸೆಕೆಂಡುಗಳಲ್ಲಿ ಉಸಿರು ಕಟ್ಟಿತು, ನಿಲ್ಲಲಾಗದೆ ಕುಸಿಯಿತು, ರಕ್ತ ಕಾರಿ 25 ನಿಮಿಷದಲ್ಲಿ ಸತ್ತಿತು. ಒಗ್ಗಿಕೊಳ್ಳಬೇಕಿದ್ದ ದೇಹ ತಾನೇ ಕೆರಳಿ ನಿಂತಿತ್ತು. ರಿಶೆ ಮತ್ತು ಪೋರ್ಟಿಯೆ 1902ರಲ್ಲಿ ಇದಕ್ಕೆ ಅನಾಫೈಲಾಕ್ಸಿಸ್ ಎಂದು ಹೆಸರಿಟ್ಟರು. ರಕ್ಷಣೆಗೆ ವಿರುದ್ಧವಾದದ್ದು ಎಂಬುದು ಅದರ ಅರ್ಥ. 1913ರಲ್ಲಿ ರಿಶೆಗೆ ನೊಬೆಲ್ ಪ್ರಶಸ್ತಿ ಬಂತು. ಈ ಕೆರಳುವಿಕೆಯ ಹಿಂದಿರುವ ಐಜಿಇ ಎಂಬ ಪ್ರತಿಕಾಯ ಪತ್ತೆಯಾದದ್ದು 1960ರ ದಶಕದಲ್ಲಿ.

ಬ್ಯಾಡಗಿಗೂ ಇದಕ್ಕೂ ಏನು ಸಂಬಂಧ?

ಸಮುದ್ರ ಬ್ಯಾಡಗಿಯಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೆ ಹಾವೇರಿ, ರಾಣೆಬೆನ್ನೂರಿನ ಮಂದಿ ರಜೆಗೆ ಶಿರಸಿ ದಾಟಿ ಘಟ್ಟ ಇಳಿದು ಗೋಕರ್ಣ, ಮುರ್ಡೇಶ್ವರಕ್ಕೆ ಹೋಗುತ್ತಲೇ ಇರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ನೆಪ್ಚೂನ್‌ಗೆ ಆದದ್ದು ಹೊಲದಲ್ಲಿ ಹೆಜ್ಜೇನು, ಕಣಜ ಕಡಿದವರಿಗೂ ಆಗಬಹುದು. ಬಹುತೇಕರಿಗೆ ಜೇನು ಕಡಿದರೆ ಊತ, ಉರಿ ಅಷ್ಟೇ. ಪದೇ ಪದೇ ಕಡಿಸಿಕೊಳ್ಳುವ ಜೇನು ಸಾಕಣೆದಾರರಲ್ಲಿ ಕೆಲವರಿಗೆ ನಿಜಕ್ಕೂ ಒಗ್ಗುತ್ತದೆ. ಆದರೆ ಕೆಲವರಿಗೆ ಎರಡನೆಯ ಸಲವೇ ಜೀವಕ್ಕೆ ಕುತ್ತು. ಯಾರಿಗೆ ಯಾವುದು ಎಂದು ಮುಖ ನೋಡಿ ಹೇಳಲಾಗದು.

ಕಡಲಲ್ಲಿ ಕುಟುಕಿದರೆ ಏನು ಮಾಡಬೇಕು?

ಮೊದಲು ನೀರಿನಿಂದ ಹೊರಗೆ ಬನ್ನಿ. ಮರಳು ಹಾಕಿ ಉಜ್ಜಬೇಡಿ, ಬಟ್ಟೆಯಿಂದ ತಿಕ್ಕಬೇಡಿ. ಉಜ್ಜಿದಷ್ಟೂ ಸಿಡಿಯದೆ ಉಳಿದ ಕೋಶಗಳು ಸಿಡಿಯುತ್ತವೆ. ಕುಡಿಯುವ ನೀರಿನಿಂದಲೂ ತೊಳೆಯಬೇಡಿ, ಸಮುದ್ರದ ನೀರನ್ನೇ ಸುರಿಯಿರಿ. ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಿರಿ, ಬರಿಗೈಯಲ್ಲಿ ಮುಟ್ಟಬೇಡಿ. ಆಮೇಲೆ ಸುಮಾರು 45 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿನಲ್ಲಿ 20 ನಿಮಿಷ ಅದ್ದಿಡಿ. ಚರ್ಮ ಸುಡದಂತೆ ಮೊದಲು ಬೇರೆಯವರು ಕೈಯಿಟ್ಟು ನೋಡಲಿ. ಮೂತ್ರ ಹಾಕಿದರೆ ನೋವು ಹೋಗುತ್ತದೆ ಎಂಬುದು ಶುದ್ಧ ಸುಳ್ಳು. ವಿನೆಗರ್ ಕೆಲವು ಜಾತಿಯ ಲೋಳೆಮೀನುಗಳಿಗೆ ಉಪಯುಕ್ತ, ಫೈಸೇಲಿಯಾ ವಿಷಯದಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ತೊರಕೆ ಮೀನಿನ ಮುಳ್ಳು ಚುಚ್ಚಿದರೂ ಬಿಸಿನೀರು ನೋವು ಇಳಿಸುತ್ತದೆ. ಆದರೆ ಆಳಕ್ಕೆ ನೆಟ್ಟ ಮುಳ್ಳನ್ನು ನೀವೇ ಕೀಳದೆ ಆಸ್ಪತ್ರೆಗೆ ಹೋಗಿ.

ಜೇನು ಕಡಿದರೆ ಮುಳ್ಳನ್ನು ಆದಷ್ಟು ಬೇಗ ತೆಗೆಯಿರಿ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದು ಮುಖ್ಯ. ಸುಣ್ಣ ಹಚ್ಚುತ್ತಾ, ಕಬ್ಬಿಣ ತಿಕ್ಕುತ್ತಾ ಹೊತ್ತು ಕಳೆಯಬೇಡಿ.

ಮೈಯೆಲ್ಲ ಗಂದೆ, ತುಟಿ-ನಾಲಿಗೆ ಊತ, ದನಿ ಬದಲಾಗುವುದು, ಉಸಿರಾಟಕ್ಕೆ ಕಷ್ಟ, ತಲೆಸುತ್ತು, ವಾಂತಿ ಕಂಡರೆ ಅದು ಅನಾಫೈಲಾಕ್ಸಿಸ್ ಆಗಿರಬಹುದು. ತಕ್ಷಣ 108ಕ್ಕೆ ಕರೆ ಮಾಡಿ. ರೋಗಿಯನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಿ, ಎದ್ದು ನಡೆಯಲು ಬಿಡಬೇಡಿ. ಉಸಿರು ಕಟ್ಟುತ್ತಿದ್ದರೆ ಕೂರಿಸಿ. ಜೀವ ಉಳಿಸುವ ಔಷಧ ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿ ಮಾತ್ರೆ ಅಥವಾ ಅವಿಲ್ ಅದಕ್ಕೆ ಬದಲಿಯಲ್ಲ. ಒಮ್ಮೆ ಹೀಗಾದವರು ಮುಂದೆ ಯಾವ ವೈದ್ಯರ ಬಳಿ ಹೋದರೂ ಆ ಸಂಗತಿ ತಿಳಿಸಬೇಕು.

ರಿಶೆಯ ಇನ್ನೊಂದು ಮುಖ

ರಿಶೆಯನ್ನು ದೇವರಂತೆ ಕೂರಿಸಬೇಕಿಲ್ಲ. ಪ್ರಯೋಗಾಲಯದಲ್ಲಿ ಕಟ್ಟುನಿಟ್ಟಾಗಿದ್ದ ಅವರು ಪ್ರೇತ ಕರೆಸುವವರ ಕೂಟಗಳಲ್ಲಿ ಕೂರುತ್ತಿದ್ದರು. ಅವರ ಮೈಯಿಂದ ಹೊರಬರುತ್ತದೆ ಎಂದು ನಂಬಿದ್ದ ವಸ್ತುವಿಗೆ ಎಕ್ಟೋಪ್ಲಾಸಂ ಎಂದು ಹೆಸರಿಟ್ಟವರೂ ಅವರೇ. ಅವರು ನೋಡಿ ಮೆಚ್ಚಿದ ಯುಸೇಪಿಯಾ ಪಲಾಡಿನೊ ಎಂಬಾಕೆ ಹಲವು ಸಲ ಕೈಚಳಕ ಮಾಡುತ್ತಲೇ ಸಿಕ್ಕಿಬಿದ್ದಳು. ಯುದ್ಧವನ್ನು ವಿರೋಧಿಸಿದ ರಿಶೆ, ಮನುಷ್ಯ ಜನಾಂಗಗಳಲ್ಲಿ ಮೇಲು-ಕೀಳು ಇದೆ ಎಂದೂ ನಂಬಿದ್ದರು. ಅವರು ತೀರಿಕೊಂಡದ್ದು 1935ರ ಡಿಸೆಂಬರ್ 4ರಂದು.

ನೊಬೆಲ್ ಬಂದವರು ಹೇಳಿದರು ಎಂಬ ಕಾರಣಕ್ಕೆ ಯಾವುದೂ ನಿಜವಾಗುವುದಿಲ್ಲ. ಅನಾಫೈಲಾಕ್ಸಿಸ್ ಬೇರೆಯವರು ಪರೀಕ್ಷಿಸಿದಾಗಲೂ ಕಂಡಿತು, ಎಕ್ಟೋಪ್ಲಾಸಂ ಕಾಣಲಿಲ್ಲ. ಹಾಗಾಗಿ ರಿಶೆಯ ಪ್ರೇತಗಳನ್ನು ಬಿಟ್ಟುಬಿಡೋಣ, ಅವರ ನಾಯಿ ಕಲಿಸಿದ ಪಾಠವನ್ನು ಮನೆಯವರಿಗೆಲ್ಲ ಹೇಳೋಣ: ಹಿಂದಿನ ಸಲ ಏನೂ ಆಗಲಿಲ್ಲ ಎಂಬುದು ಈ ಸಲಕ್ಕೆ ಖಾತ್ರಿಯಲ್ಲ.