ಶಾರ್ಲೆಟ್ ಬ್ರಾಂಟೆ

ಜೇನ್ ಏರ್ ಎಂಬ ಅನಾಥ ಬಾಲೆಯ ಕಥೆಯನ್ನು ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿನಿಯರಲ್ಲಿ ಅನೇಕರು ಬಲ್ಲರು. ಅದನ್ನು ರಚಿಸಿದ ಶಾರ್ಲೆಟ್ ಬ್ರಾಂಟೆಯ ಜೀವಿತವೂ ಬೋಧಪ್ರದವಾದುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಈಕೆಯು 1816ನೆಯ ಇಸವಿ ಏಪ್ರಿಲ್ 21ರಂದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಥಾರ್ನ್‌ಟನ್ ಎಂಬ ಊರಿನಲ್ಲಿ ಜನಿಸಿದಳು. ತಂದೆಯಾದ ಪ್ಯಾಟ್ರಿಕ್ ಬ್ರಾಂಟೆಯವರು ಐರ್ಲೆಂಡಿನ ಬಡ ಕುಟುಂಬದಲ್ಲಿ ಹುಟ್ಟಿ, ವಿದ್ಯೆಯ ಬಲದಿಂದ ಸಭಾಪಾಲಕರಾದವರು. 1820ರಲ್ಲಿ ಅವರು ಹಾವರ್ತ್ ಎಂಬ ಗುಡ್ಡಗಾಡಿನ ಊರಿಗೆ ಬಂದು ನೆಲಸಿದರು. ಮರುವರ್ಷವೇ ತಾಯಿಯು ಆರು ಮಕ್ಕಳನ್ನು ಬಿಟ್ಟು ತೀರಿಕೊಂಡಳು. ಮಕ್ಕಳ ಪೋಷಣೆಯ ಭಾರವು ದೊಡ್ಡಮ್ಮನ ಮೇಲೆ ಬಿದ್ದಿತು.

1824ರಲ್ಲಿ ನಾಲ್ವರು ಹುಡುಗಿಯರನ್ನು ಕೋವನ್ ಬ್ರಿಡ್ಜ್ ಎಂಬಲ್ಲಿ ಬಡ ಪಾದ್ರಿಗಳ ಪುತ್ರಿಯರಿಗಾಗಿ ಸ್ಥಾಪಿತವಾಗಿದ್ದ ಪಾಠಶಾಲೆಗೆ ಕಳುಹಿಸಲಾಯಿತು. ಅಲ್ಲಿ ಶುಲ್ಕವು ಅಲ್ಪ, ಆಹಾರವು ಕೆಟ್ಟದು, ಚಳಿಯು ಅತಿಶಯ. ಹಿರಿಯರಾದ ಮರಿಯ ಮತ್ತು ಎಲಿಜಬೆತ್ ಕ್ಷಯರೋಗ ತಗಲಿ, ಮನೆಗೆ ಬಂದು, 1825ರಲ್ಲಿ ಆರು ವಾರಗಳೊಳಗೆ ಒಬ್ಬರ ಹಿಂದೆ ಒಬ್ಬರು ಮೃತರಾದರು. ಒಂಬತ್ತು ವರುಷದ ಶಾರ್ಲೆಟ್ ಇದನ್ನು ಎಂದಿಗೂ ಮರೆಯಲಿಲ್ಲ. ಆಕೆಯ ಕಾದಂಬರಿಯಲ್ಲಿನ ಲೋವುಡ್ ಪಾಠಶಾಲೆಯೂ, ಅಲ್ಲಿ ಸಾಯುವ ಸಾಧುಸ್ವಭಾವದ ಹೆಲೆನ್ ಬರ್ನ್ಸಳೂ ಈ ದುಃಖದಿಂದ ಹುಟ್ಟಿದವರು. ವಿದ್ಯಾರ್ಥಿನಿಲಯಗಳನ್ನು ನಡೆಸುವ ನಾವು ಈ ಅಧ್ಯಾಯಗಳನ್ನು ನಡುಗದೆ ಓದಲಾರೆವು. ಧರ್ಮದ ಹೆಸರಿನಲ್ಲಿ ಮಕ್ಕಳ ಹೊಟ್ಟೆಯನ್ನು ಒಣಗಿಸುವುದು ಧರ್ಮವಲ್ಲ.

ಶಾರ್ಲೆಟ್ ಬೆಳೆದು ಉಪಾಧ್ಯಾಯಿನಿಯಾದಳು. ಕೆಲಕಾಲ ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತ, ಮನೆಯವರ ಪಂಕ್ತಿಗೂ ಆಳುಗಳ ಪಂಕ್ತಿಗೂ ಸೇರದೆ ಇದ್ದಳು. 1842ರಲ್ಲಿ ಬ್ರಸೆಲ್ಸಿಗೆ ಹೋಗಿ ಫ್ರೆಂಚ್ ಭಾಷೆಯನ್ನು ಅಭ್ಯಾಸಮಾಡಿದಳು. 1844ರಲ್ಲಿ ಸ್ವಗೃಹದಲ್ಲಿಯೇ ಬಾಲಿಕಾ ಪಾಠಶಾಲೆಯನ್ನು ತೆರೆಯಬೇಕೆಂದು ಪ್ರಕಟಣೆಗಳನ್ನು ಅಚ್ಚುಹಾಕಿಸಿದಳು, ಒಬ್ಬಳಾದರೂ ಬರಲಿಲ್ಲ. 1846ರಲ್ಲಿ ಮೂವರು ಸೋದರಿಯರು ಪುರುಷರವೆಂದು ತೋರುವ ಹೆಸರುಗಳಿಂದ ಕವಿತೆಗಳನ್ನು ಪ್ರಕಟಿಸಿದರು. ಮೊದಲ ವರ್ಷ ಎರಡೇ ಪ್ರತಿಗಳು ಮಾರಾಟವಾದುವು. ಆದರೆ 1847ರ ಅಕ್ಟೋಬರಿನಲ್ಲಿ ಹೊರಬಂದ ಜೇನ್ ಏರ್ ಆಕೆಗೆ ಕೀರ್ತಿಯನ್ನು ತಂದಿತು.

ಆ ಜೇನಳು ರೂಪವತಿಯಲ್ಲ, ಧನಿಕಳೂ ಅಲ್ಲ. ತನ್ನ ಯಜಮಾನನನ್ನು ಪ್ರೀತಿಸಿದರೂ, ಆತನಿಗೆ ಹೆಂಡತಿಯು ಬದುಕಿರುವಳೆಂದು ತಿಳಿದೊಡನೆ ಬರಿಗೈಯಲ್ಲಿ ಹೊರಡುತ್ತಾಳೆ. ಹಳ್ಳಿಯ ಬಾಲಿಕೆಯರಿಗೆ ಪಾಠ ಹೇಳಿ ಜೀವಿಸುತ್ತಾಳೆ. ಮಿಷನರಿಯಾಗಿ ಇಂಡಿಯಾ ದೇಶಕ್ಕೆ ಹೊರಟ ಬಂಧುವೊಬ್ಬನು ತನ್ನನ್ನು ಮದುವೆಯಾಗೆಂದಾಗ, ಸಹೋದ್ಯೋಗಿನಿಯಾಗಿ ಬರಲು ಒಪ್ಪುತ್ತಾಳೆ. ಪ್ರೀತಿಯಿಲ್ಲದ ವಿವಾಹಕ್ಕೆ ಒಪ್ಪುವುದಿಲ್ಲ. ಮಿಷನ್ ಸೇವೆಯಲ್ಲಿರುವ ನಮಗೆ ಈ ಭಾಗವು ವಿಶೇಷವಾಗಿ ಆಲೋಚನೀಯವಾಗಿದೆ. ಸೇವೆಯು ಎಷ್ಟು ಪವಿತ್ರವಾದರೂ, ಒಬ್ಬಳ ಹೃದಯವನ್ನು ಬಲಾತ್ಕಾರದಿಂದ ಕೇಳುವ ಹಕ್ಕು ಅದಕ್ಕಿಲ್ಲ.

1848ರ ಸೆಪ್ಟೆಂಬರಿನಿಂದ 1849ರ ಮೇ ತಿಂಗಳವರೆಗೆ, ಒಂಬತ್ತು ತಿಂಗಳೊಳಗೆ, ತಮ್ಮನಾದ ಬ್ರಾನ್‌ವೆಲ್, ತಂಗಿಯರಾದ ಎಮಿಲಿ ಮತ್ತು ಆನ್ ಮೂವರೂ ಗತಿಸಿದರು. ಉಳಿದವಳು ಶಾರ್ಲೆಟ್ ಒಬ್ಬಳೇ. ವೃದ್ಧ ತಂದೆಯನ್ನು ನೋಡಿಕೊಳ್ಳುತ್ತ, ಶರ್ಲಿ ಮತ್ತು ವಿಲೆಟ್ ಎಂಬ ಕಾದಂಬರಿಗಳನ್ನು ಬರೆದು ಮುಗಿಸಿದಳು. 1854ರಲ್ಲಿ ತಂದೆಯ ಸಹಾಯಕ ಪಾದ್ರಿ ಆರ್ಥರ್ ನಿಕೋಲ್ಸರನ್ನು ವರಿಸಿ, ಒಂಬತ್ತು ತಿಂಗಳು ಸುಖದಿಂದಿದ್ದು, 1855ರ ಮಾರ್ಚಿ 31ರಂದು 38ನೆಯ ವಯಸ್ಸಿನಲ್ಲಿ ದೈವಾಧೀನಳಾದಳು. ಆರು ಮಕ್ಕಳನ್ನೂ ಕಳೆದುಕೊಂಡ ತಂದೆಯು 1861ರವರೆಗೂ ಬದುಕಿದ್ದರು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ತಾಯಿಯಿಲ್ಲದವರಿದ್ದಾರೆ, ಪರರ ನೆರವಿನಿಂದ ಓದುವವರಿದ್ದಾರೆ. ಅದರಿಂದ ನೀವು ಯಾರಿಗೂ ಕಡಮೆಯಾದವರಲ್ಲ. ಈ ಸಭಾಪಾಲಕರ ಮಗಳು ಲೋಕಕ್ಕೆ ಹೇಳಿಹೋದುದು ಇದನ್ನೇ.