ಆಂತೋನಿಯೋ ದೆ ನೆಬ್ರಿಹಾ: ಪರಭಾಷಿಕರಿಗಾಗಿ ಬರೆದ ಐದನೆಯ ಭಾಗ

ಒಂದು ಭಾಷೆಯ ವ್ಯಾಕರಣವನ್ನು ಆ ಭಾಷೆಯಲ್ಲಿಯೇ ಹುಟ್ಟಿ ಬೆಳೆದವರಿಗಾಗಿ ಬರೆಯುವುದಕ್ಕೂ ಅದನ್ನರಿಯದ ಪರಭಾಷಿಕರಿಗಾಗಿ ಬರೆಯುವುದಕ್ಕೂ ಬಹಳ ಅಂತರವಿದೆ. ಮೊದಲಿನವರಿಗೆ ನುಡಿ ನಾಲಗೆಯ ಮೇಲೆಯೇ ಇರುತ್ತದೆ. ಅವರು ತಿಳಿಯಬೇಕಾದುದು ಅದರ ಕಟ್ಟನ್ನು. ಎರಡನೆಯವರಿಗೆ ಅಕ್ಷರದಿಂದ ಮೊದಲ್ಗೊಂಡು ಎಲ್ಲವೂ ಹೊಸತು. ಈ ಭೇದವನ್ನು ಗುರುತಿಸಿ, ಸ್ಪ್ಯಾನಿಷ್ ಭಾಷೆಯ ಮೊದಲ ವ್ಯಾಕರಣದಲ್ಲಿಯೇ ಹೊರಗಿನವರಿಗಾಗಿ ಪ್ರತ್ಯೇಕ ಭಾಗವೊಂದನ್ನು ಮೀಸಲಿಟ್ಟ ವಿದ್ವಾಂಸ ಆಂತೋನಿಯೋ ದೆ ನೆಬ್ರಿಹಾ.

ದಕ್ಷಿಣ ಸ್ಪೇನಿನ ಸೆವಿಲ್ಯ ಪ್ರಾಂತದ ಲೆಬ್ರಿಹಾ ಎಂಬ ಊರಿನಲ್ಲಿ ಅವನು ಜನಿಸಿದನು. ಜನ್ಮವರ್ಷ 1441 ಎಂದು ಕೆಲವರೂ 1444 ಎಂದು ಕೆಲವರೂ ಹೇಳುತ್ತಾರೆ. ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಮೊದಲ ವ್ಯಾಸಂಗವನ್ನು ಮುಗಿಸಿ, ಹತ್ತೊಂಬತ್ತರ ಹರೆಯದಲ್ಲಿ ಇಟಲಿಗೆ ತೆರಳಿ, ಬೊಲೊನ್ಯದ ಸ್ಪ್ಯಾನಿಷ್ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಅಭ್ಯಾಸ ನಡೆಸಿದನು. ಇಟಲಿಯ ಮಾನವತಾವಾದಿ ವಿದ್ವಾಂಸರಿಂದ ಶುದ್ಧ ಲ್ಯಾಟಿನ್ನಿನ ರುಚಿಯನ್ನು ಪಡೆದು ಮರಳಿದ ಅವನಿಗೆ ಸ್ವದೇಶದ ವಿದ್ಯಾಲಯಗಳಲ್ಲಿ ಬಳಕೆಯಲ್ಲಿದ್ದ ಲ್ಯಾಟಿನ್ ಸಹನೀಯವಾಗಿ ತೋರಲಿಲ್ಲ. ತನ್ನೂರಿನ ಹೆಸರಿಗೆ ಏಲಿಯಸ್ ಎಂಬ ರೋಮನ್ ಹೆಸರನ್ನು ಸೇರಿಸಿಕೊಂಡದ್ದು ಅವನ ಪ್ರಾಚೀನ ಪ್ರೇಮಕ್ಕೆ ಸಾಕ್ಷಿ.

1470ರ ದಶಕದಲ್ಲಿ ಸಲಮಾಂಕಾದ ಅಧ್ಯಾಪಕನಾದ ನೆಬ್ರಿಹಾ 1481ರಲ್ಲಿ ಪ್ರಕಟಿಸಿದ ಲ್ಯಾಟಿನ್ ಪಠ್ಯವು ಅವನಿಗೆ ಅಪಾರ ಕೀರ್ತಿಯನ್ನು ತಂದಿತು. ಕೆಲವು ವರ್ಷಗಳ ತರುವಾಯ ಇಸಬೆಲ್ಲಾ ರಾಣಿಯ ಅಪೇಕ್ಷೆಯಂತೆ ಅದನ್ನು ಲ್ಯಾಟಿನ್ ಮತ್ತು ಕಾಸ್ಟಿಲಿಯನ್ ಅಕ್ಕಪಕ್ಕದಲ್ಲಿರುವಂತೆ ಮತ್ತೆ ಸಿದ್ಧಪಡಿಸಿದನು. ಲ್ಯಾಟಿನ್ನಿನ ಒಂದೊಂದು ನಿಯಮಕ್ಕೂ ತಾಯ್ನುಡಿಯಲ್ಲಿ ಸಮಾನವಾದ ಮಾತನ್ನು ಹುಡುಕಬೇಕಾಗಿ ಬಂದ ಆ ಶ್ರಮವು ಕಾಸ್ಟಿಲಿಯನ್ನಿಗೂ ತನ್ನದೇ ಆದ ನಿಯಮವ್ಯವಸ್ಥೆಯುಂಟೆಂಬುದನ್ನು ತೋರಿಸಿಕೊಡುವಂತಹುದು. ಈ ನಡುವೆ, ಹುವಾನ್ ದೆ ಸೂನ್ಯಿಗನ ಆಶ್ರಯ ದೊರೆತುದರಿಂದ 1487ರಲ್ಲಿ ಅಧ್ಯಾಪನವನ್ನು ಬಿಟ್ಟು ಗ್ರಂಥರಚನೆಯಲ್ಲಿ ನಿರತನಾಗಿದ್ದನು. ಲ್ಯಾಟಿನ್-ಸ್ಪ್ಯಾನಿಷ್ ನಿಘಂಟು ಈ ಅವಧಿಯ ಫಲವೇ.

1492ರ ಆಗಸ್ಟ್ 18ರಂದು ಸಲಮಾಂಕಾದಲ್ಲಿ ಕಾಸ್ಟಿಲಿಯನ್ ವ್ಯಾಕರಣದ ಮುದ್ರಣ ಮುಗಿಯಿತು. ಅದೇ ವರ್ಷದ ಜನವರಿಯಲ್ಲಿ ಗ್ರಾನಾಡ ಶರಣಾಗಿತ್ತು. ಮಾರ್ಚಿನಲ್ಲಿ ಯೆಹೂದ್ಯರ ಉಚ್ಚಾಟನೆಯ ಆಜ್ಞೆ ಹೊರಟಿತ್ತು. ಕೊಲಂಬಸ್ ಹಡಗನ್ನೇರಿ ಹದಿನೈದು ದಿನಗಳಾಗಿದ್ದವು. ಭಾಷೆಯು ಸಾಮ್ರಾಜ್ಯದ ಒಡನಾಡಿಯೆಂದೂ ಅವೆರಡೂ ಜೊತೆಯಾಗಿ ಬೆಳೆದು ಜೊತೆಯಾಗಿಯೇ ಅಳಿಯುತ್ತವೆಂದೂ ನೆಬ್ರಿಹಾ ಪೀಠಿಕೆಯಲ್ಲಿ ಪ್ರತಿಪಾದಿಸಿದನು. ಕೃತಿಯ ಮಾದರಿಯನ್ನು ಕಂಡ ರಾಣಿಯು ಇದರ ಪ್ರಯೋಜನವೇನೆಂದು ಕೇಳಿದಾಗ ಆವಿಲದ ಬಿಷಪ್ ತಾಲಾವೆರನು ತನ್ನ ಪರವಾಗಿ ಉತ್ತರಿಸಿದನೆಂದೂ ಅವನು ಅಲ್ಲಿ ನಿರೂಪಿಸುತ್ತಾನೆ. ಗೆದ್ದ ಜನಾಂಗಗಳು ಗೆದ್ದವರ ಶಾಸನವನ್ನೂ ಅದರೊಂದಿಗೆ ಭಾಷೆಯನ್ನೂ ಸ್ವೀಕರಿಸಬೇಕಾಗುವಾಗ ಈ ಗ್ರಂಥ ನೆರವಾಗುವುದೆಂಬುದು ಆ ಉತ್ತರದ ತಾತ್ಪರ್ಯ. ಆದರೆ ಪೀಠಿಕೆಯಲ್ಲಿ ಸೋತವರ ಪ್ರಸ್ತಾಪ ಮಾತ್ರವೇ ಇಲ್ಲ. ಬಾಸ್ಕರು, ನವಾರದವರು, ಫ್ರೆಂಚರು, ಇಟಾಲಿಯನ್ನರು ಮೊದಲಾಗಿ ಸ್ಪೇನಿನೊಡನೆ ವ್ಯವಹಾರವುಳ್ಳವರೂ ಇದರಿಂದ ಬೇಗನೆ ಕಲಿಯಬಲ್ಲರೆಂದು ಅವನು ಸೂಚಿಸುತ್ತಾನೆ.

ಗ್ರಂಥದ ಮೊದಲ ನಾಲ್ಕು ಭಾಗಗಳಲ್ಲಿ ಅಕ್ಷರ, ಛಂದಸ್ಸು, ಪದ ಹಾಗೂ ವಾಕ್ಯಗಳ ವಿವೇಚನೆಯಿದೆ. ಬಳಕೆಯಿಂದ ಬಲ್ಲ ತಮ್ಮ ನುಡಿಯನ್ನು ಶಾಸ್ತ್ರವಾಗಿ ಅರಿಯುವವರಿಗೂ ಅದರ ಮೂಲಕ ಲ್ಯಾಟಿನ್ನನ್ನು ಸಾಧಿಸುವವರಿಗೂ ಅವು ಉದ್ದಿಷ್ಟ. ಐದನೆಯದು ಪರಭಾಷೆಯಿಂದ ಬಂದು ಕಾಸ್ಟಿಲಿಯನ್ ಕಲಿಯಬಯಸುವವರಿಗೆ. ಇಲ್ಲಿ ಅವನು ಶಾಸ್ತ್ರದ ಸಹಜ ಕ್ರಮವನ್ನು ಬಿಟ್ಟು ಬೋಧನೆಯ ಕ್ರಮವನ್ನು ಹಿಡಿಯುತ್ತಾನೆ. ವ್ಯಾಖ್ಯೆ, ವಾದಗಳು ಹಿಂದೆ ಸರಿದು, ಅಕ್ಷರ ಮತ್ತು ಉಚ್ಚಾರಣೆ, ನಾಮಪದ ಹಾಗೂ ಸರ್ವನಾಮಗಳ ರೂಪಗಳು, ಕ್ರಿಯಾಪದದ ರೂಪಾವಳಿಗಳು ಮುಂದೆ ಬರುತ್ತವೆ. ಲ್ಯಾಟಿನ್ನಿನ ಹಾಗೆ ಕಾಸ್ಟಿಲಿಯನ್ ನಾಮಪದಕ್ಕೆ ವಿಭಕ್ತಿಭೇದವಿಲ್ಲ, ವಚನಭೇದ ಮಾತ್ರ ಉಂಟು ಎಂಬುದನ್ನು ಗುರುತಿಸಿ, ಪದಾಂತ್ಯವನ್ನು ಆಧರಿಸಿ ನಾಮಪದಗಳನ್ನು ಮೂರು ಗುಂಪುಗಳಾಗಿ ವಿಂಗಡಿಸುತ್ತಾನೆ. ಕ್ರಿಯಾಪದಗಳನ್ನು ಆರ್, ಏರ್, ಈರ್ ಎಂಬ ಅಂತ್ಯಗಳ ಮೇಲೆ ಮೂರಾಗಿ ವಿಭಾಗಿಸುತ್ತಾನೆ. ಸ್ಪ್ಯಾನಿಷ್ ಕಲಿಯುವ ವಿದ್ಯಾರ್ಥಿ ಇಂದಿಗೂ ಮೊದಲು ಎದುರಾಗುವುದು ಈ ಮೂರು ಗಣಗಳಿಗೇ. ಉಚ್ಚರಿಸಿದಂತೆ ಬರೆಯಬೇಕು, ಬರೆದಂತೆ ಉಚ್ಚರಿಸಬೇಕು ಎಂಬ ಅವನ ಲಿಪಿತತ್ತ್ವವೂ ಹೊಸ ಕಲಿಕೆಗಾರನಿಗೆ ದೊಡ್ಡ ಉಪಕಾರ.

ಇತಿಹಾಸವು ಈ ಗ್ರಂಥವನ್ನು ಅನಿರೀಕ್ಷಿತ ದಾರಿಯಲ್ಲಿ ನಡೆಸಿತು. ಹದಿನೆಂಟನೆಯ ಶತಮಾನದ ನಡುಭಾಗದವರೆಗೆ ಅದು ಮತ್ತೆ ಅಚ್ಚಾಗಲಿಲ್ಲ. ಪರದೇಶೀಯರಿಗೆ ಸ್ಪ್ಯಾನಿಷ್ ಕಲಿಸುವ ಪುಸ್ತಕಗಳು 1555 ಮತ್ತು 1559ರಲ್ಲಿ ಲುವೆನ್ ನಗರದಲ್ಲಿ ಕರ್ತೃವಿನ ಹೆಸರಿಲ್ಲದೆ ಹೊರಬಂದವು. ಅಮೆರಿಕದಲ್ಲಾದರೋ ಪಾದ್ರಿಗಳು ಜನರಿಗೆ ಕಾಸ್ಟಿಲಿಯನ್ ಕಲಿಸುವುದಕ್ಕಿಂತ ತಾವೇ ಅಲ್ಲಿನ ನುಡಿಗಳನ್ನು ಕಲಿಯಲು ಹೊರಟರು. ನೆಬ್ರಿಹಾನ ಲ್ಯಾಟಿನ್ ಪಠ್ಯದ ಚೌಕಟ್ಟನ್ನು ಮುಂದಿಟ್ಟುಕೊಂಡು ಅವುಗಳ ವ್ಯಾಕರಣಗಳನ್ನು ರಚಿಸಿದರು. 1547ರಲ್ಲಿ ಆಂದ್ರೆಸ್ ದೆ ಓಲ್ಮೋಸ್ ನಾವಾತ್ಲ್ ಭಾಷೆಯ ವ್ಯಾಕರಣವನ್ನು ಬರೆದನು. 1560ರಲ್ಲಿ ದೊಮಿಂಗೊ ದೆ ಸಾಂತೊ ತೊಮಾಸನ ಕೆಚುವ ವ್ಯಾಕರಣ ಅಚ್ಚಾಯಿತು. ಗೆದ್ದವರ ನುಡಿಯನ್ನು ಸೋತವರಿಗೆ ಕಲಿಸುವುದಕ್ಕೆಂದು ಸಮರ್ಥಿಸಲಾದ ಗ್ರಂಥವು ಮರೆಯಾಗಿ, ಅದೇ ಕರ್ತೃವಿನ ಮತ್ತೊಂದು ಗ್ರಂಥವು ಸೋತವರ ನುಡಿಯನ್ನು ಗೆದ್ದವರು ಕಲಿಯುವ ಸಾಧನವಾಯಿತು. ಆ ಕಲಿಕೆಯ ಗುರಿ ಮತಪ್ರಚಾರವೆಂಬುದು ನಿಜವಾದರೂ, ಆ ಭಾಷೆಗಳ ಅಂದಿನ ಸ್ವರೂಪವನ್ನು ತಿಳಿಯಲು ಆ ವ್ಯಾಕರಣಗಳು ಅಮೂಲ್ಯ ಆಧಾರಗಳಾಗಿ ಉಳಿದಿವೆ. ಅಮೆರಿಕದಲ್ಲಿ ಕಾಸ್ಟಿಲಿಯನ್ನನ್ನೇ ಹೇರುವ ರಾಜಾಜ್ಞೆ 1770ರಲ್ಲಿ ಹೊರಟಿತು.

ನೆಬ್ರಿಹಾನ ಉತ್ತರವಯಸ್ಸು ಸುಗಮವಾಗಿರಲಿಲ್ಲ. ವ್ಯಾಕರಣದ ಒರೆಗಲ್ಲನ್ನು ಬೈಬಲಿನ ಪಾಠಕ್ಕೂ ಹಚ್ಚಿದುದಕ್ಕಾಗಿ ಧರ್ಮವಿಚಾರಣಾಧಿಕಾರಿ ದಿಯೇಗೊ ದೆ ದೇಸಾ ಅವನ ಬರಹಗಳನ್ನು ವಶಪಡಿಸಿಕೊಂಡನು. ಸಲಮಾಂಕಾದ ಪೀಠವೊಂದಕ್ಕೆ 1513ರಲ್ಲಿ ನಡೆದ ಸ್ಪರ್ಧೆಯಲ್ಲಿ ಆ ವೃದ್ಧನಿಗೆ ಸೋಲಾಯಿತು. ಆಗ ಕಾರ್ಡಿನಲ್ ಸಿಸ್ನೆರೋಸ್ ಅವನನ್ನು ಆಲ್ಕಲ ವಿಶ್ವವಿದ್ಯಾಲಯಕ್ಕೆ ಬರಮಾಡಿಕೊಂಡು, ಇಷ್ಟವಿದ್ದರೆ ಪಾಠ ಹೇಳುವ, ಇಲ್ಲದಿದ್ದರೆ ಬಿಡುವ ಸ್ವಾತಂತ್ರ್ಯವನ್ನಿತ್ತನು. 1517ರಲ್ಲಿ ಲಿಪಿನಿಯಮಗಳ ಕಿರುಹೊತ್ತಗೆಯನ್ನು ಪ್ರಕಟಿಸಿದ ಅವನು 1522ರ ಜುಲೈಯಲ್ಲಿ ಅಲ್ಲಿಯೇ ತೀರಿಕೊಂಡನು.

ನೆಬ್ರಿಹಾನ ಐದನೆಯ ಭಾಗವು ಎತ್ತಿದ ಪ್ರಶ್ನೆ ಕನ್ನಡಕ್ಕೂ ಹೊರಗಿನದಲ್ಲ. ಕೇಶಿರಾಜನ ಶಬ್ದಮಣಿದರ್ಪಣವು ಕನ್ನಡ ಬಲ್ಲವರನ್ನು ಉದ್ದೇಶಿಸಿದರೆ, 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ವ್ಯಾಕರಣವು ಹೊರಗಿನಿಂದ ಬಂದು ಕನ್ನಡ ಕಲಿಯುವವರಿಗಾಗಿ ಸಿದ್ಧವಾಯಿತು. ಹೊರನಾಡಿನ ತರಗತಿಯಲ್ಲಿ ಮರಾಠಿ, ತಮಿಳು ಅಥವಾ ಹಿಂದಿ ಮನೆಮಾತಿನ ವಿದ್ಯಾರ್ಥಿಗೆ ಕನ್ನಡ ಕಲಿಸುವ ಅಧ್ಯಾಪಕನಿಗೆ ಕೇಶಿರಾಜನ ಕ್ರಮವೊಂದೇ ಸಾಲದು. ಶಾಸ್ತ್ರಕ್ಕೆ ಒಪ್ಪುವ ಕ್ರಮವು ಕಲಿಯುವವನಿಗೂ ಒಪ್ಪಬೇಕೆಂದಿಲ್ಲ ಎಂಬ ವಿವೇಕವು ನೆಬ್ರಿಹಾನ ಸಾಮ್ರಾಜ್ಯದ ವಾದಕ್ಕಿಂತ ಹೆಚ್ಚು ಕಾಲ ಬಾಳಿದೆ. ಪರಭಾಷಿಕರಿಗೆ ನುಡಿಗಲಿಸುವವರು ಅವನಿಂದ ಪಡೆಯಬಹುದಾದ ಪಾಠವೂ ಅದೇ ಆಗಿದೆ.